40ಕ್ಕೆ 29 ಅಂಕ ಪಡೆದ ಆಟ

ಪ್ರಶ್ನೆ: ‘ಡೀಮನ್ಸ್ ಸೋಲ್ಸ್’ ಎಂಬ ವಿಡಿಯೋ ಗೇಮ್ 2009ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಬಿಡುಗಡೆಯಾದಾಗ ಅಲ್ಲಿನ ‘ಫಾಮಿತ್ಸು’ ಪತ್ರಿಕೆ ಅದಕ್ಕೆ 40ಕ್ಕೆ 29 ಅಂಕ ಕೊಟ್ಟಿತೆಂದೂ, ಅಮೆರಿಕದ ಜಾಲತಾಣ ‘ಗೇಮ್‌ಸ್ಪಾಟ್’ ಅದನ್ನೇ 2009ರ ಶ್ರೇಷ್ಠ ಆಟವೆಂದು ಆರಿಸಿತೆಂದೂ ಓದಿದೆ. ಆಟ ಒಂದೇ ಆಗಿರುವಾಗ ಇಷ್ಟು ಅಂತರ ಹೇಗೆ? ತಪ್ಪಿದ್ದು ಯಾರು?

ಉತ್ತರ: ತಾವು ಓದಿದ್ದು ನಿಜ, ಆದರೆ 29 ಬೈಗುಳದ ಅಂಕವೇನಲ್ಲ. ಫಾಮಿತ್ಸುವಿನಲ್ಲಿ ನಾಲ್ವರು ವಿಮರ್ಶಕರು ತಲಾ 10ಕ್ಕೆ ಇಂತಿಷ್ಟೆಂದು ಅಂಕ ಕೊಡುತ್ತಾರೆ. ಒಬ್ಬೊಬ್ಬರಿಗೆ ಸಿಗುವುದು ಕೆಲವೇ ಸಾಲುಗಳ ಜಾಗ. ಸರಾಸರಿ ಏಳನ್ನು ತುಸು ದಾಟಿದ ಈ ಆಟವನ್ನು ಅವರು ಪರವಾಗಿಲ್ಲ ಎಂದು ಬದಿಗಿಟ್ಟರು, ಅಷ್ಟೇ. ಆಟವನ್ನು ಮಾಡಿಸಿದ ಸೋನಿಯಲ್ಲೇ ಇದಕ್ಕಿಂತ ಕಟುವಾದ ಅಭಿಪ್ರಾಯವಿತ್ತು. ಆಗ ಆ ಕಂಪನಿಯ ಸ್ಟುಡಿಯೋಗಳ ಮುಖ್ಯಸ್ಥರಾಗಿದ್ದ ಶುಹೇ ಯೋಶಿದಾ, ಬಿಡುಗಡೆಗೆ ಮುನ್ನ ತಾವು ಸುಮಾರು ಎರಡು ಗಂಟೆ ಆಡಿಯೂ ಆರಂಭದಲ್ಲೇ ನಿಂತಿದ್ದಾಗಿಯೂ, ಇದು ತೀರಾ ಕೆಟ್ಟ ಆಟವೆಂದು ಕೈಬಿಟ್ಟಿದ್ದಾಗಿಯೂ ಮುಂದೆ ಸಂದರ್ಶನದಲ್ಲಿ ಒಪ್ಪಿಕೊಂಡರು. ಅಮೆರಿಕದಲ್ಲಿ ಅದನ್ನು ಹೊರತರಲು ಸೋನಿ ಮುಂದಾಗಲಿಲ್ಲ. ಅಕ್ಟೋಬರಿನಲ್ಲಿ ಆ ಕೆಲಸ ಮಾಡಿದ್ದು ಅಟ್ಲಸ್ ಎಂಬ ಪ್ರಕಾಶನ ಸಂಸ್ಥೆ.

ಆ ಎರಡು ಗಂಟೆಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡಿದರೆ ಯೋಶಿದಾ ಅವರ ಮೇಲೆ ಸಿಟ್ಟು ಬರುವುದಿಲ್ಲ. ಬೊಲೆಟಾರಿಯಾ ಕೋಟೆಯೊಳಗೆ ಕಾಲಿಟ್ಟ ಆಟಗಾರನು ಮೊದಲ ದೈತ್ಯನನ್ನು ಕೊಲ್ಲುವವರೆಗೆ ತನ್ನ ಬಲವನ್ನು ಒಂದಿಷ್ಟೂ ಹೆಚ್ಚಿಸಿಕೊಳ್ಳಲಾರ. ನಡುವೆ ಸತ್ತರೆ ಶತ್ರುಗಳನ್ನು ಕೊಂದು ಗಳಿಸಿದ, ಆಟದ ನಾಣ್ಯದಂಥ ‘ಸೋಲ್’ಗಳೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತವೆ, ತಾನು ಕುಗ್ಗಿದ ಪ್ರಾಣಶಕ್ತಿಯೊಡನೆ ಮತ್ತೆ ಹೆಬ್ಬಾಗಿಲಿನಿಂದ ಹೊರಡಬೇಕು, ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹಿಂದಿನ ಗಳಿಕೆ ಕೈಬಿಟ್ಟಂತೆಯೇ. ಆಟವನ್ನು ನಡುವೆ ನಿಲ್ಲಿಸಿಡುವ ಸೌಕರ್ಯವೂ ಇಲ್ಲ. ಸೇತುವೆಯ ಮೇಲೆ ಓಡುವವನನ್ನು ಕೆಂಪು ಡ್ರ್ಯಾಗನ್ ಒಂದೇ ಹಾರಾಟದಲ್ಲಿ ಸುಟ್ಟುಹಾಕುತ್ತದೆ. ನಾನಂತೂ ಮೊದಲ ಸಂಜೆ ಆ ಸೇತುವೆಯನ್ನು ದಾಟಲೇ ಇಲ್ಲ. ಒಳಗಿನಿಂದ ಬಾಗಿಲೊಂದು ತೆರೆದುಕೊಂಡು, ಅಷ್ಟು ದೂರದ ದಾರಿ ಹತ್ತಾರು ಹೆಜ್ಜೆಗೆ ಇಳಿದಾಗ ಮಾತ್ರ ಕೋಟೆಯ ಕಟ್ಟೋಣ ಅರ್ಥವಾಗುತ್ತದೆ, ಸೋಲುಗಳೆಲ್ಲ ಅಭ್ಯಾಸವಾಗಿದ್ದವು ಎಂಬುದು ಹೊಳೆಯುತ್ತದೆ. ಈ ಸುಖ ತಡವಾಗಿ ಬರುತ್ತದೆ. ಗಡುವಿನೊಳಗೆ ಬರೆಯಬೇಕಾದ ವಿಮರ್ಶಕನಿಗೆ ಅದು ಬಾರದೆಯೂ ಹೋಗಬಹುದು.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಈ ಆಟದ ನೆಲದ ಮೇಲೆ ಅಲ್ಲಲ್ಲಿ ರಕ್ತದ ಕಲೆಗಳಿರುತ್ತವೆ. ಮುಟ್ಟಿದರೆ ಎಲ್ಲೋ ಕುಳಿತು ಆಡುತ್ತಿರುವ ಅಪರಿಚಿತನೊಬ್ಬನ ಕೊನೆಯ ಕ್ಷಣಗಳು ಕೆಂಪು ನೆರಳಾಗಿ ಕಾಣುತ್ತವೆ, ಮೂಲೆಯಾಚೆ ಏನೋ ಕಾದಿದೆ ಎಂಬುದು ಅವನು ಬಿದ್ದ ರೀತಿಯಿಂದಲೇ ತಿಳಿಯುತ್ತದೆ. ಬೇರೆಯವರು ನೆಲದ ಮೇಲೆ ಬರೆದಿಟ್ಟ ಎಚ್ಚರಿಕೆಗಳೂ ಕಾಣುತ್ತವೆ. ಸಾವಿರಾರು ಜನ ಆಡುವಾಗ ಈ ಕಲೆಗಳೇ ಆಟದ ಗುರು. ಬಿಡುಗಡೆಗೆ ಮುಂಚೆ ಆಡುವವನ ಪಾಲಿಗೆ ಆ ನೆಲವೆಲ್ಲ ಹೆಚ್ಚುಕಡಿಮೆ ಬರಿದು.

ಅಮೆರಿಕದ ವಿಮರ್ಶಕರ ಕೈಗೆ ಆಟ ಸಿಗುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ಏಷ್ಯಾದ ಮಾರುಕಟ್ಟೆಗೆಂದು ತಂದ ಇಂಗ್ಲಿಷ್ ಪಠ್ಯದ ಆವೃತ್ತಿಯನ್ನು ಹಲವರು ತರಿಸಿ ಆಡಿದ್ದರು, ಸಾಯುವುದೇ ಇಲ್ಲಿನ ಪಾಠ ಎಂಬ ಮಾತು ಹಬ್ಬಿತ್ತು. ಹಲವು ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸಿ ನೂರಕ್ಕೆ ಇಂತಿಷ್ಟೆಂದು ಸರಾಸರಿ ಕೊಡುವ ಜಾಲತಾಣ ಮೆಟಾಕ್ರಿಟಿಕ್‌ನಲ್ಲಿ ಅದರ ಅಂಕ 89ಕ್ಕೆ ನಿಂತಿತು. ಹಾಗೆಂದು ಜಪಾನಿನವರು ತಪ್ಪು ಕಂಡರೆಂದು ಹೇಳಲು ನನಗೆ ಮನಸ್ಸಿಲ್ಲ. ಅವರ ಮುಂದಿದ್ದ ಆಟಕ್ಕೆ ಅವರು ಸರಿಯಾದ ಅಂಕವನ್ನೇ ಕೊಟ್ಟರು. ಕೆಸರಿನ ಕಣಿವೆಯಲ್ಲಿ ಚಿತ್ರ ತಡವರಿಸುವುದು, ಹೊರುವ ಭಾರದ ಮಿತಿಯಿಂದಾಗುವ ಕಿರಿಕಿರಿ, ಲೋಕದ ಸ್ವಭಾವವನ್ನೇ ಬದಲಿಸುವ ನಿಯಮವೊಂದನ್ನು ಆಟ ಬಾಯಿಬಿಟ್ಟು ಹೇಳದಿರುವುದು — ಹೊಗಳಿದವರು ಸಲೀಸಾಗಿ ಮನ್ನಿಸಿದ ಈ ಕೊರತೆಗಳು ಕೊರತೆಗಳೇ.

ಪ್ರಶ್ನೆ: ಮುಂದೆ ಅದೇ ಪತ್ರಿಕೆ ಅದೇ ನಿರ್ದೇಶಕರ ಆಟಗಳನ್ನು ಮೆಚ್ಚಿತಲ್ಲವೇ?

ಉತ್ತರ: ಹೌದು. ಹಿದೆತಾಕಾ ಮಿಯಾಝಾಕಿ ಅವರ ‘ಡಾರ್ಕ್ ಸೋಲ್ಸ್’ 2011ರಲ್ಲಿ 37 ಅಂಕ ಪಡೆಯಿತು, ‘ಎಲ್ಡನ್ ರಿಂಗ್’ 2022ರಲ್ಲಿ 39 ಪಡೆಯಿತು. ಆ ಆಟಗಳು ಹಿಗ್ಗಿದವು ಎಂಬುದು ದಿಟ. ಓದುವ ಕ್ರಮ ಗೊತ್ತಾದ ಮೇಲೆ ವಿಮರ್ಶೆ ಸುಲಭವಾಯಿತು ಎಂಬುದೂ ದಿಟ.

ಪ್ರಶ್ನೆ: ಪ್ಲೇಸ್ಟೇಷನ್ 5ಕ್ಕೆ ಬಂದ ಮರುನಿರ್ಮಾಣ ಮೂಲಕ್ಕಿಂತ ಉತ್ತಮವೇ?

ಉತ್ತರ: ಬ್ಲೂಪಾಯಿಂಟ್ ಸಂಸ್ಥೆ 2020ರ ನವೆಂಬರಿನಲ್ಲಿ ಹೊರತಂದ ಈ ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ 92 ಬಂದಿದೆ. ಕೋಟೆಯ ನಕ್ಷೆಯನ್ನೂ ಶತ್ರುಗಳ ಜಾಗಗಳನ್ನೂ ಬಹುತೇಕ ಇದ್ದಂತೆಯೇ ಉಳಿಸಿಕೊಂಡು, ಚಿತ್ರದ ತಡವರಿಕೆಯನ್ನು ನೀಗಿದ್ದಾರೆ. ತಕರಾರು ಎದ್ದದ್ದು ರೂಪದ ಬಗ್ಗೆ: ಮೂಲದ ಮಂಕುಬಣ್ಣದ, ಬಡಕಲಾದ ಲೋಕದ ಜಾಗದಲ್ಲಿ ಸಿರಿವಂತಿಕೆ ಬಂತು, ಸರಳ ಸಂಗೀತದ ಜಾಗದಲ್ಲಿ ದೊಡ್ಡ ವಾದ್ಯಮೇಳ ಬಂತು. ಮೂಲದ ವಿಚಿತ್ರ ಮೌನವೇ ನನಗೆ ಹೆಚ್ಚು ಹಿಡಿಸಿತು. ಆದರೂ ಹೊಸಬರಿಗೆ ಮರುನಿರ್ಮಾಣವನ್ನೇ ಸೂಚಿಸುವೆ. ರಕ್ತದ ಕಲೆಗಳನ್ನೂ ಎಚ್ಚರಿಕೆಗಳನ್ನೂ ಆಟಗಾರರ ನಡುವೆ ಸಾಗಿಸುತ್ತಿದ್ದ, ಮೂಲ ಆಟದ ಅಧಿಕೃತ ಸರ್ವರ್‌ಗಳನ್ನು 2018ರ ಫೆಬ್ರವರಿ 28ರಂದು ಮುಚ್ಚಲಾಯಿತು. ಇಂದು ಹಳೆಯ ಡಿಸ್ಕನ್ನು ಹಾಕಿ ಕುಳಿತವರಿಗೆ ಸಿಗುವುದು ಆ ನಾಲ್ವರು ವಿಮರ್ಶಕರಿಗೆ ಸಿಕ್ಕಿದ್ದಂಥ ಬರಿದಾದ ನೆಲವೇ.