'ಗಾಬ್ಲಿನ್' ಡ್ರಾಮಾದ ನಾಯಕ ದೇವರಾ, ದೆವ್ವಾನಾ? ಎರಡು ಎಪಿಸೋಡ್ ನೋಡಿ ನಿಲ್ಲಿಸಿದ್ದೇನೆ, ಮುಂದುವರಿಸಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಯಾಕೆಂದರೆ ಇದೇ ಪ್ರಶ್ನೆಯನ್ನು ನನ್ನಮ್ಮ ನನಗೆ ಹತ್ತು ಸಲ ಕೇಳಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ನಾವಿಬ್ಬರೂ ಕೂತು ಈ ಕೊರಿಯನ್ ಡ್ರಾಮಾ ನೋಡಿದ್ದೆವು. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಅಷ್ಟು ಬೇಗ ಓದಲು ಆಗುವುದಿಲ್ಲ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗಬೇಕಿತ್ತು. ಮೊದಲ ಹತ್ತು ನಿಮಿಷಕ್ಕೇ ಸಿಕ್ಕಿಹಾಕಿಕೊಂಡೆ. ಇವನನ್ನು ಕನ್ನಡದಲ್ಲಿ ಏನೆಂದು ಕರೆಯೋದು?

'ಗಾಬ್ಲಿನ್' ಅನ್ನೋ ಇಂಗ್ಲಿಷ್ ಹೆಸರೇ ದಾರಿ ತಪ್ಪಿಸುತ್ತದೆ. ಆ ಪದ ಕೇಳಿದರೆ ಕಿವಿ ಚೂಪಾಗಿರುವ, ಹಸಿರು ಬಣ್ಣದ ಕುಳ್ಳ ಪಿಶಾಚಿ ಕಣ್ಣ ಮುಂದೆ ಬರುತ್ತದೆ. ಇಲ್ಲಿ ನೋಡಿದರೆ ಆರಡಿ ಎತ್ತರದ ನಟ ಗಾಂಗ್ ಯೂ ಉದ್ದ ಕೋಟು ಹಾಕಿಕೊಂಡು ನಿಂತಿದ್ದಾನೆ. ಕೊರಿಯನ್ ಭಾಷೆಯಲ್ಲಿ ಇವನು 'ದೊಕ್ಕೇಬಿ'. ಕೊರಿಯಾದ ಅಜ್ಜಿಕಥೆಗಳಲ್ಲಿ ಬರುವ ಜೀವಿ. ಮನುಷ್ಯ ಸತ್ತು ದೆವ್ವ ಆದವನಲ್ಲ. ಹಳೇ ಪೊರಕೆ, ಒನಕೆ, ಹೀಗೆ ಜನ ಬಳಸಿ ಬಿಸಾಕಿದ ಸಾಮಾನಿಗೆ ಜೀವ ಬಂದರೆ ಅದು ದೊಕ್ಕೇಬಿ. ರಕ್ತ ತಾಗಿದ್ದರಂತೂ ಖಂಡಿತ. ರಾತ್ರಿ ದಾರಿಯಲ್ಲಿ ಹೋಗುವವರನ್ನು ತಡೆದು 'ಕುಸ್ತಿ ಆಡೋಣ ಬಾ' ಅನ್ನುತ್ತದೆ. ಹಾಡು, ಕುಡಿತ ಎಂದರೆ ಪ್ರಾಣ. ಕೈಯಲ್ಲಿ ಒಂದು ದೊಣ್ಣೆ ಇರುತ್ತದೆ, ಅದನ್ನು ಬಡಿದು 'ಚಿನ್ನ ಬಾ' ಎಂದರೆ ಚಿನ್ನ ಬರುತ್ತದೆ. ತಲೆಗೆ ಟೋಪಿ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ. ತರಲೆ ಮಾಡುತ್ತದೆ, ಆದರೆ ಸುಲಭವಾಗಿ ಮೋಸ ಹೋಗುತ್ತದೆ.

ಅಂಥ ಪೆದ್ದು ಜೀವಿಯನ್ನು ತೆಗೆದುಕೊಂಡು ಲೇಖಕಿ ಕಿಮ್ ಉನ್-ಸುಕ್ ಏನು ಮಾಡಿದ್ದಾರೆ ನೋಡಿ. ಪೊರಕೆಯ ಜಾಗದಲ್ಲಿ ಒಂದು ಕತ್ತಿ ಇಟ್ಟಿದ್ದಾರೆ. ಮೊದಲ ಎಪಿಸೋಡ್‌ನಲ್ಲಿ ಹಿನ್ನೆಲೆಯಲ್ಲಿ ಒಂದು ಮಾತು ಬರುತ್ತದೆ, ನೀವು ಬಹುಶಃ ಗಮನಿಸದೆ ದಾಟಿರಬಹುದು. ಮನುಷ್ಯನ ಕೈ ಅಥವಾ ರಕ್ತ ತಾಗಿದ ವಸ್ತುವಿನಲ್ಲಿ ಯಾರದೋ ಹಂಬಲ ಸೇರಿಕೊಂಡರೆ ಅದು ದೊಕ್ಕೇಬಿ ಆಗುತ್ತದೆ ಎನ್ನುವ ಅರ್ಥದ ಮಾತು. ಈ ಡ್ರಾಮಾದ ಬೀಗದ ಕೈ ಅದೇ. ನಾಯಕ ಕಿಮ್ ಶಿನ್, ಕೊರಿಯಾದ ಹಳೇ ರಾಜವಂಶ ಗೋರ್ಯೋ ಕಾಲದ ಸೇನಾಪತಿ. ಯುದ್ಧ ಗೆದ್ದು ಬರುತ್ತಾನೆ. ಹೊಟ್ಟೆಕಿಚ್ಚಿನ ರಾಜ ಅವನನ್ನು ಅವನದೇ ಕತ್ತಿಯಿಂದ ಅರಮನೆ ಬಾಗಿಲಲ್ಲೇ ಕೊಲ್ಲಿಸುತ್ತಾನೆ. ಸಾವಿರಾರು ಜನರ ರಕ್ತ ಕಂಡ ಕತ್ತಿ, ಕೊನೆಗೆ ಒಡೆಯನ ರಕ್ತವನ್ನೂ ಕುಡಿಯಿತು. ಊರ ಜನ ಅವನನ್ನು ಮರೆಯದೆ ಬೇಡಿಕೊಂಡರು. ಆ ಬೇಡಿಕೆಗಳೇ ಅವನನ್ನು ಎಬ್ಬಿಸಿದವು. ಆದರೆ ದೇವರು ಬಹುಮಾನದ ಜತೆ ಶಿಕ್ಷೆಯನ್ನೂ ಕೊಟ್ಟ. ಸಾವಿಲ್ಲ ಅನ್ನೋದು ಬಹುಮಾನ. ಹತ್ತಿರದವರೆಲ್ಲ ಸಾಯುವುದನ್ನು ಒಬ್ಬೊಬ್ಬರಾಗಿ ನೋಡುತ್ತಾ ಬದುಕಬೇಕು ಅನ್ನೋದು ಶಿಕ್ಷೆ. ಕತ್ತಿ ಎದೆಯಲ್ಲೇ ಉಳಿಯಿತು.

ಇಷ್ಟು ಹೇಳಿದ ಮೇಲೆ ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ, "ಹಾಗೆ ಹೇಳು ಮತ್ತೆ. ಅನ್ಯಾಯವಾಗಿ ಸತ್ತ ವೀರ. ನಮ್ಮ ಕಡೆಯ ದೈವಗಳ ಹಾಗೆ" ಅಂದರು. ಅಮ್ಮ ಕಾರ್ಕಳದ ಕಡೆಯವರು, ಕೋಟಿ ಚೆನ್ನಯರ ಪಾಡ್ದನ ಕೇಳಿ ಬೆಳೆದವರು. ಪೂರ್ತಿ ಹೋಲಿಕೆ ಸರಿಯಲ್ಲ ಅಂತ ನನಗೂ ಗೊತ್ತು. ಆದರೆ ಅಲ್ಲಿಂದ ಮುಂದೆ ನಾನು ಅವರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಗಾಗಿ ನಿಮ್ಮ 'ದೇವರಾ, ದೆವ್ವಾನಾ' ಪ್ರಶ್ನೆಗೆ ನನ್ನ ಉತ್ತರ: ಎರಡೂ ಅಲ್ಲ. ಜನರ ಹಂಬಲ ಹಿಡಿದು ನಿಲ್ಲಿಸಿಕೊಂಡಿರುವ ಒಬ್ಬ ಸೇನಾಪತಿ. ಕೊರಿಯನ್ ಶೀರ್ಷಿಕೆಯಲ್ಲೇ ಈ ಗೊಂದಲದ ಜತೆ ಒಂದು ಆಟ ಇದೆ. 'ಒಂಟಿ, ಉಜ್ವಲ' ಎನ್ನುವ ವಿಶೇಷಣದ ಕೊನೆಗೆ ಬರುವ 'ಶಿನ್' ಅಕ್ಷರವನ್ನು ಚೀನೀ ಲಿಪಿಯಲ್ಲಿ ಬರೆದು ದೇವರು ಎಂಬ ಅರ್ಥ ಬರುವ ಹಾಗೆ ಮಾಡಿದ್ದಾರೆ. ನಾಯಕನ ಹೆಸರೂ ಶಿನ್. ಸಬ್‌ಟೈಟಲ್‌ನಲ್ಲಿ ಇದೆಲ್ಲ ಸೋರಿ ಹೋಗುತ್ತದೆ.

ಇನ್ನು ನಿಮ್ಮ ದೂರು. 'ಮೇಣದಬತ್ತಿ ಊದಿದರೆ ಬಂದು ಇಷ್ಟ ಈಡೇರಿಸುತ್ತಾನೆ, ಅಷ್ಟೇನಾ ಕಥೆ?' ಎಂದು ಕೇಳಿದ್ದೀರಿ. ಅಷ್ಟೇ ಆಗಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಇಲ್ಲಿ ಯಾರ ಬೇಡಿಕೆಯೂ ಸುಮ್ನೆ ಈಡೇರುವುದಿಲ್ಲ. ಒಂದು ಈಡೇರಿದರೆ ಇನ್ನೊಂದು ಕಡೆ ಗಂಟು ಬೀಳುತ್ತದೆ.

1998ರ ಆ ಹಿಮದ ರಾತ್ರಿ ನೆನಪಿಸಿಕೊಳ್ಳಿ. ಕಾರು ಗುದ್ದಿ ಬಿದ್ದಿರುವ ಗರ್ಭಿಣಿ. ಅವಳು ತನ್ನ ಜೀವಕ್ಕಾಗಿ ಬೇಡುವುದಿಲ್ಲ, ಹೊಟ್ಟೆಯಲ್ಲಿರುವ ಮಗುವನ್ನು ಉಳಿಸಿ ಅನ್ನುತ್ತಾಳೆ. ಅದಕ್ಕೂ ಮೊದಲು ಒಬ್ಬ ತರಕಾರಿ ಮಾರುವ ಅಜ್ಜಿ ಅವಳಿಗೆ, ಸಾವು ಎದುರಿಗೆ ಬಂದಾಗ ಮನಸಾರೆ ಬೇಡಿಕೋ, ಮೆತ್ತನೆ ಮನಸ್ಸಿನ ಯಾವುದಾದರೂ ದೇವರು ಕೇಳಿಸಿಕೊಳ್ಳಬಹುದು ಎಂದು ಹೇಳಿರುತ್ತಾಳೆ. ಆ ಅಜ್ಜಿಯನ್ನು ಮರೆಯಬೇಡಿ, ಮುಂದೆಯೂ ಬರುತ್ತಾಳೆ. ಅವಳು ಸಾಮಾನ್ಯದವಳಲ್ಲ, ಸಮ್ಶಿನ್ ಅಜ್ಜಿ. ಕೊರಿಯನ್ನರ ನಂಬಿಕೆಯಲ್ಲಿ ಮಕ್ಕಳನ್ನು ಕೊಡುವ, ಬಸುರಿ ಬಾಣಂತಿಯರನ್ನು ಕಾಯುವ ದೇವತೆ. ಎಳೆಗೂಸುಗಳ ಕುಂಡೆಯ ಮೇಲೆ ನೀಲಿ ಮಚ್ಚೆ ಇರುತ್ತದಲ್ಲ, ಅದು 'ಹೊರಗೆ ಹೋಗು' ಎಂದು ಇವಳು ಬಡಿದ ಗುರುತಂತೆ!

ಕಿಮ್ ಶಿನ್ ಮಗುವನ್ನು ಉಳಿಸುತ್ತಾನೆ. ಬೇಡಿಕೆ ಈಡೇರಿತು, ಸರಿ. ಆದರೆ ಆ ಮಗು ಯಮದೂತರ ಲೆಕ್ಕದಲ್ಲಿ ಸಾಯಬೇಕಿದ್ದ ಜೀವ. ಪಟ್ಟಿಯಿಂದ ತಪ್ಪಿಸಿಕೊಂಡ ಆತ್ಮ. ಹಾಗಾಗಿ ಅವಳಿಗೆ ದೆವ್ವಗಳು ಕಾಣುತ್ತವೆ, ಯಮದೂತ ಬೆನ್ನು ಬೀಳುತ್ತಾನೆ. ದೆವ್ವಗಳೆಲ್ಲ ಅವಳನ್ನು ದೊಕ್ಕೇಬಿಯ ಮದುವಣಗಿತ್ತಿ ಎಂದು ಕರೆಯುತ್ತವೆ. ಅವನ ಎದೆಯ ಕತ್ತಿಯನ್ನು ಕೀಳಲು ಸಾಧ್ಯ ಇರುವುದು ಅವಳೊಬ್ಬಳಿಗೇ. ಕಿತ್ತರೆ ಅವನು ಇಲ್ಲ. ಅಂದರೆ ಅವನು ಅಂದು ಕನಿಕರದಿಂದ ಉಳಿಸಿದ ಜೀವವೇ ಅವನ ಸಾವಿಗೂ ದಾರಿ.

ಈಗ ಕಡಲತೀರದ ದೃಶ್ಯ ಇನ್ನೊಮ್ಮೆ ನೋಡಿ. ಆ ಮಗುವೇ ಬೆಳೆದು ನಾಯಕಿ ಉನ್-ತಾಕ್. ಅವಳು ಹುಟ್ಟುಹಬ್ಬದ ಕೇಕ್ ಹಿಡಿದು ಮೂರು ವರ ಕೇಳುತ್ತಾಳೆ. ಒಂದು ಪಾರ್ಟ್‌ಟೈಮ್ ಕೆಲಸ ಕೊಡಿಸು. ಚಿಕ್ಕಮ್ಮನ ಮನೆಯವರಿಗೆ ಏನಾದರೂ ಮಾಡು. ಒಬ್ಬ ಬಾಯ್‌ಫ್ರೆಂಡ್ ಸಿಗಲಿ. ಇದನ್ನು ಅಮ್ಮನಿಗೆ ಹೇಳುವಾಗ ನನಗೇ ಮಜಾ ಅನ್ನಿಸಿತು. ನಮ್ಮ ಭಾಷೆಯಲ್ಲಿ ಕೇಳುವುದೂ ವರ, ಮದುವೆ ಗಂಡೂ ವರ! ಅವಳು ವರ ಕೇಳಿದಳು, ಎದುರಿಗೆ ಬಂದು ನಿಂತವನೇ ವರ. ಈ ಶ್ಲೇಷೆ ಕಿಮ್ ಉನ್-ಸುಕ್‌ಗೆ ಗೊತ್ತಾಗಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಇಂಥ ಪದದಾಟ ಅಂದರೆ ಅವರಿಗೆ ಇಷ್ಟ. 2025ರಲ್ಲಿ ಬಂದ ಅವರ 'ಜೀನಿ, ಮೇಕ್ ಎ ವಿಶ್' ಡ್ರಾಮಾದ ಕೊರಿಯನ್ ಹೆಸರಿನ ಅರ್ಥ 'ಎಲ್ಲವೂ ಈಡೇರುವುದು' ಅನ್ನೋ ಥರ, ಆ ಕ್ರಿಯಾಪದದ ಕೊನೆಯೇ 'ಜೀನಿ' ಅಂತ ಕೇಳಿಸುತ್ತದೆ.

ಆ ಕಡಲತೀರದಲ್ಲಿ ಕಿಮ್ ಶಿನ್ ಕೈಯಲ್ಲಿದ್ದ ಬಿಳಿ ಹೂವು ಬಕ್‌ವೀಟ್ ಗಿಡದ್ದು. ಉತ್ತರ ಭಾರತದವರು ಉಪವಾಸಕ್ಕೆ ಕುಟ್ಟು ಹಿಟ್ಟು ಬಳಸುತ್ತಾರಲ್ಲ, ಅದೇ ಧಾನ್ಯ. ಹಳೇ ಕಥೆಗಳಲ್ಲಿ ದೊಕ್ಕೇಬಿಗೆ ಈ ಧಾನ್ಯದ ಹಲ್ವದಂಥ ತಿಂಡಿ ಬಹಳ ಇಷ್ಟ. ತಿಂಡಿಯನ್ನು ಹೂವಾಗಿಸಿ, ಆ ಹೂವಿಗೆ 'ಪ್ರೇಮಿ' ಅನ್ನೋ ಅರ್ಥ ಕೊಟ್ಟು ಪ್ರೇಮಕಥೆಗೆ ಸಿಕ್ಕಿಸಿದ್ದಾರೆ. ಆ ದೃಶ್ಯ ತೆಗೆದದ್ದು ಗಾಂಗ್‌ನಂಗ್‌ನ ಜುಮುಂಜಿನ್ ಹತ್ತಿರದ ಅಲೆತಡೆ ಕಟ್ಟೆಯ ಮೇಲೆ. ಡ್ರಾಮಾ ಬಂದ ಮೇಲೆ ಅಲ್ಲಿ ಫೋಟೋ ತೆಗೆಸಿಕೊಳ್ಳಲು ಜನ ಸಾಲು ನಿಲ್ಲತೊಡಗಿದರು.

ಹಾಗಂತ ಎಲ್ಲವನ್ನೂ ಹೊಗಳುವುದಿಲ್ಲ. ಅವಳು ಹೈಸ್ಕೂಲು ಹುಡುಗಿ, ಕೊರಿಯನ್ ಲೆಕ್ಕದಲ್ಲಿ 19. ಅವನಿಗೆ 939. ನೂರಾರು ವರ್ಷದ ಅಂತರವನ್ನು ಕಟ್ಟುಕಥೆ ಅಂತ ಬಿಡಬಹುದು. ಆದರೆ ಯೂನಿಫಾರಂ ಹಾಕಿದ ಹುಡುಗಿಯನ್ನು ನಡುವಯಸ್ಸಿನವನಂತೆ ಕಾಣುವ ಗಂಡಸಿನ ಪಕ್ಕ ಪ್ರೇಮಿಯಾಗಿ ನಿಲ್ಲಿಸಿದ್ದು ನನಗೆ ಕೊನೆಯವರೆಗೂ ಕಿರಿಕಿರಿ ಮಾಡಿತು. ಅಮ್ಮ ಇನ್ನೂ ನೇರವಾಗಿ, "ಮೊದಲು ಅವಳ ಪರೀಕ್ಷೆ ಮುಗಿಯಲಿ" ಅಂದರು. ನಿಮಗೂ ಅದೇ ಕಾರಣಕ್ಕೆ ಬೇಡ ಅನ್ನಿಸಿದ್ದರೆ ಅದು ನ್ಯಾಯವೇ. ಇನ್ನು ನಡುವಿನ ಎಪಿಸೋಡ್‌ಗಳು ಎಳೆಯುತ್ತವೆ. ಒಂದೊಂದೂ ಒಂದು ಗಂಟೆಗಿಂತ ಜಾಸ್ತಿ, ಅಂಥವು 16. ಅವನು ಕಿಟಕಿ ಪಕ್ಕ ನಿಂತು ಕೊರಗುವ ದೃಶ್ಯಗಳನ್ನು ಕತ್ತರಿಸಿದ್ದರೆ 13ರಲ್ಲಿ ಮುಗಿಯುತ್ತಿತ್ತು. (ಅವನು ಕೊರಗಿದರೆ ಹೊರಗೆ ಮಳೆ ಬರುತ್ತದೆ. ಆ ಲೆಕ್ಕದಲ್ಲಿ ರಾಜಧಾನಿ ಸೋಲ್‌ಗೆ ನೀರಿನ ತೊಂದರೆ ಇರಲಾರದು.)

ಎಳೆದಾಟವನ್ನು ಸಹಿಸಿಕೊಳ್ಳುವ ಹಾಗೆ ಮಾಡುವುದು ಯಮದೂತ. ಲೀ ಡಾಂಗ್-ವುಕ್ ಮಾಡಿದ ಪಾತ್ರ. ಕಪ್ಪು ಟೋಪಿ ಹಾಕಿಕೊಂಡು ಸತ್ತವರಿಗೆ ಒಂದು ಲೋಟ ಚಹಾ ಕೊಡುತ್ತಾನೆ, ಕುಡಿದರೆ ಈ ಜನ್ಮದ ನೆನಪು ಅಳಿಸಿಹೋಗುತ್ತದೆ. ದೊಕ್ಕೇಬಿ ಇರುವ ಮನೆಗೇ ಬಾಡಿಗೆಗೆ ಬರುತ್ತಾನೆ, ಇಬ್ಬರದೂ ದಿನಾ ಜಗಳ. ಒಮ್ಮೆ ಇಬ್ಬರೂ ಭಾರೀ ಹೀರೋಗಳ ಹಾಗೆ ಕತ್ತಲಿಂದ ನಡೆದು ಬರುತ್ತಾರೆ. ನೋಡಿದರೆ ಕೈಯಲ್ಲಿ ಈರುಳ್ಳಿ ಸೊಪ್ಪಿನ ಕಟ್ಟು! ಅವನಿಗೆ ತನ್ನ ಹಿಂದಿನ ಜನ್ಮವಾಗಲಿ ಹೆಸರಾಗಲಿ ನೆನಪಿಲ್ಲ. ಚಿಕನ್ ಅಂಗಡಿ ಒಡತಿ ಸನ್ನಿಗೆ ಹೆಸರು ಹೇಳಬೇಕಾದಾಗ ಕಷ್ಟಪಟ್ಟು 'ಕಿಮ್ ವೂ-ಬಿನ್' ಅನ್ನುತ್ತಾನೆ. ಅದು ನಿಜವಾದ ಒಬ್ಬ ಸ್ಟಾರ್ ನಟನ ಹೆಸರು. ಒಂಬತ್ತು ವರ್ಷ ಆದಮೇಲೆ ಇದೇ ಲೇಖಕಿಯ ಜೀನಿ ಆಗಿದ್ದು ಅದೇ ಕಿಮ್ ವೂ-ಬಿನ್. ಯಮದೂತ ಯಾರು, ಸನ್ನಿಯನ್ನು ಮೊದಲ ಸಲ ನೋಡಿದಾಗ ಅವನ ಕಣ್ಣಲ್ಲಿ ನೀರು ಯಾಕೆ ಬಂತು ಎಂಬುದನ್ನು ನಾನು ಹೇಳುವುದಿಲ್ಲ. ನನ್ನ ಮಟ್ಟಿಗೆ ಡ್ರಾಮಾದ ನಿಜವಾದ ಪ್ರೇಮಕಥೆ ಅವರಿಬ್ಬರದು. ಗಾಂಗ್ ಯೂ ಅಭಿಮಾನಿಗಳು ಕ್ಷಮಿಸಲಿ.

ಕೊರಿಯಾದಲ್ಲಿ ಇದು ಟಿವಿಎನ್ ಅನ್ನೋ ಕೇಬಲ್ ಚಾನೆಲ್‌ನಲ್ಲಿ 2016ರ ಡಿಸೆಂಬರ್‌ನಿಂದ 2017ರ ಜನವರಿವರೆಗೆ ಬಂತು. ಕೊನೆಯ ಎಪಿಸೋಡ್‌ನ ರೇಟಿಂಗ್ ಶೇ. 20 ದಾಟಿತು. ಆಗ ಕೇಬಲ್ ಡ್ರಾಮಾಗೆ ಅದು ದೊಡ್ಡ ಮಾತು. 2017ರ ಬೆಕ್ಸಾಂಗ್ ಪ್ರಶಸ್ತಿಗಳಲ್ಲಿ ಟೀವಿ ವಿಭಾಗದ ಅತಿ ದೊಡ್ಡ ಪ್ರಶಸ್ತಿ ಲೇಖಕಿಗೇ ಹೋಯಿತು, ಗಾಂಗ್ ಯೂಗೆ ಅತ್ಯುತ್ತಮ ನಟ.

ಇಷ್ಟು ಕೇಳಿಯೂ ನಿಮಗೆ ಬೇಡ ಅನ್ನಿಸಿದರೆ, ಬೇಡಿಕೆಯ ಕಥೆಯೇ ಬೇಕಿದ್ದರೆ, 2021ರ 'ಡೂಮ್ ಅಟ್ ಯುವರ್ ಸರ್ವಿಸ್' ನೋಡಿ. ಮೆದುಳಿನ ಗೆಡ್ಡೆ ಇರುವ ಹುಡುಗಿ ಬೀಳುವ ನಕ್ಷತ್ರ ನೋಡಿ, ಲೋಕವೇ ನಾಶವಾಗಲಿ ಎಂದು ಬೇಡುತ್ತಾಳೆ. ನಾಶವೇ ಗಂಡಸಿನ ರೂಪದಲ್ಲಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತದೆ. ಅವಳ ಕೈಯಲ್ಲಿ ನೂರು ದಿನ. ಅದರ ಶುರು ಬೇಗ ಹಿಡಿಯುತ್ತದೆ, ಕೊನೆ ಸ್ವಲ್ಪ ಸಪ್ಪೆ. 'ಗಾಬ್ಲಿನ್' ಇದಕ್ಕೆ ಪೂರ್ತಿ ಉಲ್ಟಾ.

ಹಾಗಾಗಿ ಹೀಗೆ ಮಾಡಿ. ಇನ್ನೆರಡು ಎಪಿಸೋಡ್, ಬರೀ ಎರಡು. ನಾಲ್ಕನೆಯದರಲ್ಲಿ ಮತ್ತೆ ಕೆನಡಾದ ಕ್ಯುಬೆಕ್‌ಗೆ ಹೋಗುತ್ತಾರೆ. ಅಲ್ಲಿ ಅವಳು ರಸ್ತೆ ದಾಟಿ ಇವನ ಕಡೆ ಬರುತ್ತಾಳೆ. ಸಾಯಬೇಕು, ಸಾಯಬೇಕು ಎಂದು ಇಷ್ಟು ಕಾಲ ಕಾದವನು ಆ ಕ್ಷಣದಲ್ಲಿ ಅವಳನ್ನು ಹೇಗೆ ನೋಡುತ್ತಾನೆ ನೋಡಿ. ಅಲ್ಲಿ ಏನೂ ಅನ್ನಿಸದಿದ್ದರೆ ಧಾರಾಳವಾಗಿ ನಿಲ್ಲಿಸಿಬಿಡಿ. ಅನ್ನಿಸಿದರೆ, 13ನೆಯದನ್ನು ಮಾತ್ರ ಆಫೀಸಿಗೆ ಹೋಗುವ ಹಿಂದಿನ ರಾತ್ರಿ ನೋಡಬೇಡಿ. ನಾನು ಮರುದಿನ ಬೆಳಗ್ಗೆ ವಿಡಿಯೋ ಮೀಟಿಂಗ್‌ನಲ್ಲಿ ಕ್ಯಾಮೆರಾ ಹಾಳಾಗಿದೆ ಅಂತ ಸುಳ್ಳು ಹೇಳಬೇಕಾಯಿತು.