ಮಕ್ಕಳು ಗಡಗಡ ಓದ್ತಾರೆ, ಆದರೆ ಅರ್ಥ ಆಗಿದೆಯಾ ಅಂತ ತಿಳಿಯೋದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆ, 3ನೇ ತರಗತಿ, 32 ಮಕ್ಕಳು. ಓದು ಅಂದರೆ ಗಡಗಡ ಓದುತ್ತಾರೆ, ನೋಟ್‌ಬುಕ್ಕಿನಲ್ಲಿ ಪ್ರಶ್ನೋತ್ತರವೂ ಸರಿ ಇರುತ್ತದೆ, ಆದರೆ ಓದಿದ್ದು ಏನು ಅಂತ ಬಾಯಲ್ಲಿ ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಇವರಿಗೆ ಅರ್ಥ ಆಗುತ್ತಿದೆಯೋ ಇಲ್ಲವೋ ಅಂತ ಖಚಿತವಾಗಿ ತಿಳಿಯಬೇಕು.

ಮೊದಲು ನೋಟ್‌ಬುಕ್ಕಿನ ಉತ್ತರಗಳನ್ನು ಪಕ್ಕಕ್ಕಿಡಿ. ಯಾಕೆ ಅಂತ ತಿಳಿಯಲು ಈ ಎರಡು ವಾಕ್ಯ ಓದಿ ನೋಡಿ: "ಗಬರು ಮಿಸುಳಿನಲ್ಲಿ ತೊಳಕಿತು. ಝರಪನು ಅದನ್ನು ನಿಗುಟಿದನು." ಈಗ ಉತ್ತರ ಹೇಳಿ. ಗಬರು ಎಲ್ಲಿ ತೊಳಕಿತು? ಮಿಸುಳಿನಲ್ಲಿ. ಅದನ್ನು ಯಾರು ನಿಗುಟಿದರು? ಝರಪನು. ಎರಡಕ್ಕೆ ಎರಡು ಅಂಕ! ಆದರೆ ಗಬರು ಅಂದರೆ ಏನು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ; ಅಂಥ ಪದವೇ ಇಲ್ಲ. ಕನ್ನಡದ ವಿಭಕ್ತಿ ಪ್ರತ್ಯಯಗಳೇ ಉತ್ತರ ಕೊಟ್ಟುಬಿಡುತ್ತವೆ. "ಎಲ್ಲಿ" ಅಂದರೆ "ಅಲ್ಲಿ" ಇರುವ ಪದ, "ಯಾರು" ಅಂದರೆ "ನು" ಇರುವ ಪದ. ಪಾಠದ ಕೊನೆಯ ಪ್ರಶ್ನೆಯಲ್ಲಿರುವ ಪದವನ್ನೇ ಪಾಠದಲ್ಲಿ ಹುಡುಕಿ, ಆ ಸಾಲನ್ನು ಇಳಿಸುವುದು ಮಕ್ಕಳಿಗೆ ಬೇಗ ಕರಗತವಾಗುತ್ತದೆ. ಅದು ಒಂದು ಕೌಶಲ, ನಿಜ. ಗ್ರಹಿಕೆಯಂತೂ ಅಲ್ಲ.

ಹಾಗಾಗಿ ಪಠ್ಯಪುಸ್ತಕದ ಪಾಠವಾಗಲಿ ನಲಿಕಲಿ (ಸರ್ಕಾರಿ ಶಾಲೆಯ ಚಟುವಟಿಕೆ ಕಲಿಕೆ) ಕಾರ್ಡಾಗಲಿ ಈ ಪರೀಕ್ಷೆಗೆ ಬೇಡ. ಅವನ್ನು ಮಕ್ಕಳು ಹತ್ತಾರು ಸಲ ಕೇಳಿರುತ್ತಾರೆ, ಅರ್ಧ ಬಾಯಿಪಾಠ ಆಗಿರುತ್ತದೆ. 40ರಿಂದ 60 ಪದಗಳ ಹೊಸ ಗದ್ಯ ನೀವೇ ಬರೆಯಿರಿ. ಒಂದು ಮಾದರಿ ಕೊಡುತ್ತೇನೆ, ಇದರಲ್ಲಿ 44 ಪದ ಇವೆ:

"ಎಳ್ಳಮವಾಸ್ಯೆ. ಸಂಗೀತಾ ಅವ್ವನ ಜೊತೆ ಹೊಲಕ್ಕೆ ಹೊರಟಳು. ಅವ್ವನ ತಲೆಯ ಮೇಲೆ ಬುತ್ತಿ ಇತ್ತು. ಸಂಗೀತಾಳ ಕೈಯಲ್ಲಿ ನೀರಿನ ಕೊಡ ಇತ್ತು. ಹಳ್ಳದ ಹತ್ತಿರ ಸಂಗೀತಾ ಜಾರಿದಳು. ಕೊಡ ಖಾಲಿ ಆಯಿತು. ಅವಳು ಅಳುವ ಮುಖ ಮಾಡಿದಳು. ಅವ್ವ ನಕ್ಕಳು. 'ಹೊಲದಲ್ಲಿ ಬಾವಿ ಇದೆ, ನಡಿ' ಅಂದಳು. ಇಬ್ಬರೂ ಮುಂದೆ ನಡೆದರು. ದೊಡ್ಡಪ್ಪ ಆಗಲೇ ಹೊಲದಲ್ಲಿ ಕಂಬಳಿ ಹಾಸಿ ದಾರಿ ನೋಡುತ್ತಿದ್ದ."

ಇದನ್ನು ಬರೆಯುವಾಗ ಎರಡು ವಿಷಯ ಗಮನದಲ್ಲಿಟ್ಟುಕೊಂಡೆ. ಮೊದಲನೆಯದು, ಒಂದನ್ನು ಬಿಟ್ಟು ಒತ್ತಕ್ಷರಗಳೆಲ್ಲ ಸಜಾತಿ, ಅಂದರೆ ಅಕ್ಷರಕ್ಕೆ ಅದರದೇ ಒತ್ತು (ವ್ವ, ತ್ತ, ಳ್ಳ, ಡ್ಡ). ವಿಜಾತಿ, ಅಂದರೆ ಬೇರೆ ಅಕ್ಷರದ ಒತ್ತು ಒಂದೇ, ಎಳ್ಳಮವಾಸ್ಯೆಯ "ಸ್ಯೆ". ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡದ ಲಿಪಿ ಪೂರ್ತಿ ಕೈಗೆ ಹತ್ತಲು ಮಕ್ಕಳಿಗೆ ಮೂರು-ನಾಲ್ಕು ವರ್ಷ ಬೇಕು. ಗ್ರಹಿಕೆ ನೋಡಬೇಕಾದ ಗದ್ಯದಲ್ಲಿ "ರಾಷ್ಟ್ರ", "ಸ್ವಾತಂತ್ರ್ಯ" ತುಂಬಿದರೆ ನೀವು ಅಳೆಯುವುದು ಒತ್ತಕ್ಷರವನ್ನು. ಎರಡನೆಯದು, ಕಥೆಯ ಮುಖ್ಯ ಘಟನೆಯನ್ನು ಬಾಯಿಬಿಟ್ಟು ಹೇಳಿಲ್ಲ. "ನೀರು ಚೆಲ್ಲಿತು" ಅನ್ನುವ ವಾಕ್ಯ ಎಲ್ಲೂ ಇಲ್ಲ. ಅದನ್ನು ಮಗುವೇ ಜೋಡಿಸಿಕೊಳ್ಳಬೇಕು, ಪರೀಕ್ಷೆಯ ಜೀವ ಇರುವುದು ಅಲ್ಲೇ.

ಪ್ರಶ್ನೆಗಳು ಐದು ಸಾಕು. ಅವ್ವನ ತಲೆಯ ಮೇಲೆ ಏನಿತ್ತು? ಇದು ನೇರ ಪ್ರಶ್ನೆ, ಧೈರ್ಯ ಬರಲಿ ಅಂತ ಮೊದಲಿಗೆ ಇಟ್ಟಿದ್ದು. ಕೊಡ ಯಾಕೆ ಖಾಲಿ ಆಯಿತು? ಇದಕ್ಕೆ ಎರಡು ವಾಕ್ಯ ಜೋಡಿಸಬೇಕು. ಬಾವಿ ಇದೆ ಅಂತ ಅವ್ವ ಯಾಕೆ ಹೇಳಿದಳು? ಇದಕ್ಕೆ ಅವ್ವನ ಮನಸ್ಸು ತಿಳಿಯಬೇಕು. ಹೊಲಕ್ಕೆ ಮೊದಲು ಬಂದವರು ಯಾರು? ಇಲ್ಲಿ ಉತ್ತರವೆಲ್ಲ "ಆಗಲೇ" ಅನ್ನುವ ಒಂದು ಪದದ ಮೇಲೆ ನಿಂತಿದೆ. ಆ ಪದ ಹಾರಿಸಿ ಓದಿದವರು "ಸಂಗೀತಾ" ಅನ್ನುತ್ತಾರೆ. ದೊಡ್ಡಪ್ಪ ಯಾರ ದಾರಿ ನೋಡುತ್ತಿದ್ದ? "ಹಳ್ಳದ ದಾರಿ" ಅಂತ ಉತ್ತರ ಬಂದರೆ, ಪದಗಳು ತಿಳಿದಿವೆ, ನುಡಿಗಟ್ಟು ತಿಳಿದಿಲ್ಲ ಅಂತ ಅರ್ಥ. ಅದನ್ನೂ ಹಾಗೆಯೇ ಬರೆದುಕೊಳ್ಳಿ, ಸುಮ್ಮನೆ ಸೊನ್ನೆ ಹಾಕಬೇಡಿ.

ಗದ್ಯ ತರಗತಿಗೆ ತರುವ ಮುನ್ನ ಒಂದು ಪರೀಕ್ಷೆ ಮಾಡಿ. 4ನೇ ತರಗತಿಯ ಮೂವರು ಮಕ್ಕಳಿಗೆ ಗದ್ಯ ತೋರಿಸದೆ ಪ್ರಶ್ನೆಗಳನ್ನಷ್ಟೇ ಕೇಳಿ. ಓದದೆಯೇ ಉತ್ತರ ಹೇಳಿದರೆ ಆ ಪ್ರಶ್ನೆ ಕಿತ್ತುಹಾಕಿ. "ಎಳ್ಳಮವಾಸ್ಯೆಗೆ ಎಲ್ಲಿಗೆ ಹೋಗುತ್ತಾರೆ?" ಅಂತ ಕೇಳಿದರೆ ನಮ್ಮ ಕಡೆ ಯಾವ ಮಗುವಾದರೂ "ಹೊಲಕ್ಕ" ಅಂತ ಹೇಳುತ್ತದೆ, ಅದಕ್ಕೆ ಓದೇ ಬೇಕಿಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ: ಹೊಲ ಇಲ್ಲದ ಮನೆಯ ಮಗುವಿಗೆ ಈ ಗದ್ಯ ಸ್ವಲ್ಪ ಹೊರಗಿನದು. ಆದ್ದರಿಂದ ಮೂರು ಗದ್ಯ ಬರೆಯಿರಿ: ಒಂದು ಹೊಲದ್ದು, ಒಂದು ಸಂತೆಯದು, ಒಂದು ಬಸ್ಸಿನದು. ಮೂರಿದ್ದರೆ ಇನ್ನೊಂದು ಅನುಕೂಲ. ಮೊದಲ ದಿನ ಓದಿದವರು ಆಟದ ಬಯಲಿನಲ್ಲಿ ಉಳಿದವರಿಗೆ ಕಥೆ ಹೇಳಿಬಿಟ್ಟಿರುತ್ತಾರೆ, ಎರಡನೇ ದಿನ ಎಲ್ಲರಿಗೂ "ಬುತ್ತಿ" ಗೊತ್ತಿರುತ್ತದೆ.

ಇನ್ನು ಮಾಡುವ ಕ್ರಮ. ಒಂದು ಮಗುವಿಗೆ ಆರು ನಿಮಿಷ ಹಿಡಿಯಿರಿ. 32 ಮಕ್ಕಳಿಗೆ 192 ನಿಮಿಷ. ದಿನಕ್ಕೆ ನಾಲ್ವರಂತೆ ಎಂಟು ದಿನದಲ್ಲಿ ಮುಗಿಯುತ್ತದೆ. ಪಡಸಾಲೆಯಲ್ಲಿ, ಮಗುವಿನ ಎದುರಿಗಲ್ಲ, ಪಕ್ಕದಲ್ಲಿ ಕೂಡಿ. ಗದ್ಯ ದೊಡ್ಡ ಅಕ್ಷರದಲ್ಲಿರಲಿ, ಸಾಲುಗಳ ನಡುವೆ ಜಾಗ ಇರಲಿ. ನಿಮ್ಮ ಕೈಯಲ್ಲಿ ಅದೇ ಗದ್ಯದ ಇನ್ನೊಂದು ಪ್ರತಿ, ಗುರುತು ಹಾಕಲು. "ಇದು ಪರೀಕ್ಷೆ ಅಲ್ಲವ್ವಾ, ಕಥೆ ಓದಿ ನನಗೆ ಹೇಳಬೇಕು" ಅಂತ ಮೊದಲೇ ಹೇಳಿ. ಹೇಳಬೇಕು ಅಂತ ಗೊತ್ತಿದ್ದ ಮಗು ಬೇರೆ ರೀತಿ ಓದುತ್ತದೆ.

ಮೊದಲ ಸಲ ಜೋರಾಗಿ ಓದಲಿ. ಒಂದು ಪದದಲ್ಲಿ ಐದು ಸೆಕೆಂಡು ನಿಂತರೆ ನೀವೇ ಹೇಳಿಕೊಟ್ಟು ಗುರುತು ಹಾಕಿ, ಬೇರೆ ತಿದ್ದುವುದು ಬೇಡ. ಎರಡನೇ ಸಲ ಮನಸ್ಸಿನಲ್ಲೇ ಓದಲು ಬಿಡಿ. ಇದನ್ನು ಬಿಡಬೇಡಿ, ಯಾಕಂದರೆ ಜೋರಾಗಿ ಓದುವಾಗ ಮಗುವಿನ ಗಮನವೆಲ್ಲ ಉಚ್ಚಾರದ ಮೇಲೆ, ನಿಮ್ಮ ಮುಖದ ಮೇಲೆ ಇರುತ್ತದೆ. ಆಮೇಲೆ ಹಾಳೆ ಮಗುಚಿ, "ಮನೆಗೆ ಹೋಗಿ ಅವ್ವಗ ಹೆಂಗ ಹೇಳ್ತಿ, ಹಂಗ ಹೇಳು" ಅನ್ನಿ. ನಡುವೆ ನಿಂತರೆ "ಆಮೇಲೆ?" "ಇನ್ನೇನಾಯ್ತು?" ಅಷ್ಟೇ. "ನೀರು ಚೆಲ್ಲಿತಲ್ವಾ?" ಅಂದಿರೋ, ಉತ್ತರ ನಿಮ್ಮದಾಯಿತು. ಈ ಕಥೆಯಲ್ಲಿ ಏಳು ಸಂಗತಿ ಇವೆ: ಹೊಲಕ್ಕೆ ಹೊರಟದ್ದು, ಬುತ್ತಿ-ಕೊಡ, ಜಾರಿದ್ದು, ನೀರು ಹೋದದ್ದು, ಅಳು, ಬಾವಿಯ ಮಾತು, ದೊಡ್ಡಪ್ಪ. ನಾಲ್ಕು ಬಂದು, ಅದರಲ್ಲಿ ಜಾರಿದ್ದೂ ಬಾವಿಯ ಮಾತೂ ಸೇರಿದ್ದರೆ ಕಥೆ ತಿಳಿದಿದೆ ಅಂತ ನಾನು ಎಣಿಸುತ್ತೇನೆ. ಮರುಹೇಳಿಕೆ ಮುಗಿದ ಮೇಲೆ ಹಾಳೆ ವಾಪಸ್ ಕೊಟ್ಟು ಐದು ಪ್ರಶ್ನೆ ಕೇಳಿ. ಹಾಳೆ ಕೊಡದಿದ್ದರೆ ನೆನಪಿನ ಶಕ್ತಿ ಅಳೆದಂತಾಗುತ್ತದೆ. ಉತ್ತರ ಬಂದಾಗೆಲ್ಲ "ಎಲ್ಲಿ ಗೊತ್ತಾಯ್ತು, ಬೆರಳಿಟ್ಟು ತೋರಿಸು" ಅನ್ನಿ. ತನ್ನ ಮನೆಯ ಹಬ್ಬದ ನೆನಪಿನಿಂದ ಹೇಳಿದ ಮಗುವೂ ಓದಿ ಹೇಳಿದ ಮಗುವೂ ಆಗ ಬೇರೆ ಬೇರೆಯಾಗಿ ಕಾಣುತ್ತಾರೆ.

ಓದುವಾಗಿನ ತಪ್ಪುಗಳ ವಿಷಯದಲ್ಲಿ ನಮ್ಮ ಭಾಗದ ಶಿಕ್ಷಕರಿಗೆ ಒತ್ತಿ ಹೇಳಬೇಕಾದ ಮಾತಿದೆ. "ಹೊಲದಲ್ಲಿ ಬಾವಿ ಇದೆ" ಅಂತ ಇದ್ದದ್ದನ್ನು ಮಗು "ಹೊಲದಾಗ ಬಾವಿ ಅದ" ಅಂತ ಓದಿದರೆ ಅದು ತಪ್ಪಲ್ಲ. ಪುಸ್ತಕದ ಕನ್ನಡವನ್ನು ಕಣ್ಣಿನಿಂದ ತೆಗೆದುಕೊಂಡು, ಅರ್ಥ ಮಾಡಿಕೊಂಡು, ಮನೆಯ ಕನ್ನಡದಲ್ಲಿ ಹೊರಗೆ ಕೊಟ್ಟಿದೆ. ಗ್ರಹಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಅದೇ "ಕೊಡ ಖಾಲಿ ಆಯಿತು" ಅನ್ನುವುದನ್ನು "ಕೋಡು ಕಾಲಿ ಆಯಿತು" ಅಂತ ಓದಿ, ನಿಲ್ಲದೆ ಮುಂದೆ ಹೋದ ಮಗುವಿನ ಬಗ್ಗೆ ಯೋಚಿಸಬೇಕು. ಅರ್ಥವಿಲ್ಲದ್ದನ್ನು ಓದಿದೆ ಅಂತ ಅದಕ್ಕೇ ಅನಿಸಿಲ್ಲ. ತಪ್ಪು ಓದಿ, ತಡೆದು, ಹಿಂದೆ ಬಂದು ತಾನೇ ತಿದ್ದಿಕೊಂಡರೆ ಆ ಪದದ ಮೇಲೆ ನಕ್ಷತ್ರ ಹಾಕಿ. 44 ಪದಗಳಲ್ಲಿ ಐದಕ್ಕಿಂತ ಹೆಚ್ಚು ನಿಜವಾದ ತಪ್ಪು ಬಂದರೆ ಪ್ರಶ್ನೆಗೆ ಹೋಗಬೇಡಿ. ಆ ಗದ್ಯ ಆ ಮಗುವಿಗೆ ಭಾರ, ಹಗುರವಾದದ್ದು ಕೊಡಿ.

ವೇಗದ ಬಗ್ಗೆ. ಚಿಕ್ಕ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ 3ನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥಸಹಿತ, ಅಂತ ಇದೆ. ಕನ್ನಡದಲ್ಲಿ "ಮನೆಯಲ್ಲಿರುವವರಿಗೆ" ಅನ್ನುವುದೂ ಒಂದೇ ಪದ, "ಕೊಡ" ಕೂಡ ಒಂದೇ ಪದ. ಭಾಷೆಯಿಂದ ಭಾಷೆಗೆ ಲೆಕ್ಕ ಬದಲಾಗುತ್ತದೆ ಅಂತಲೇ ಎನ್‌ಸಿಇಆರ್‌ಟಿ 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಇಟ್ಟಿತು. ಸಮಯ ನೋಡಿ, ಆದರೆ ಮಗುವಿಗೆ ಕಾಣದ ಹಾಗೆ. ಮೊಬೈಲಿನ ಸ್ಟಾಪ್‌ವಾಚ್ ಮೇಜಿನ ಮೇಲಿಟ್ಟರೆ ಮಗು ಓಟಕ್ಕೆ ನಿಲ್ಲುತ್ತದೆ, ಅರ್ಥ ದಾರಿಯಲ್ಲೇ ಬಿದ್ದುಹೋಗುತ್ತದೆ. ಪ್ರಥಮ್ ಸಂಸ್ಥೆಯವರ ಅಸರ್ ಸಮೀಕ್ಷೆಯ ಓದಿನ ಹಾಳೆ ನಿಮಗೆ ಗೊತ್ತಿರಬಹುದು: ಅಕ್ಷರ, ಪದ, ಪ್ಯಾರಾ, ಕಥೆ ಅಂತ ಹಂತಗಳು. ಗುಂಪು ಮಾಡಲು ಒಳ್ಳೆಯದು. ಆದರೆ ಅದು ಮುಖ್ಯವಾಗಿ ಓದುವಿಕೆಯನ್ನು ನೋಡುತ್ತದೆ, "ಕಥೆ ಹಂತ"ದಲ್ಲಿರುವ ಮಗುವಿಗೆ ಕಥೆ ಅರ್ಥವಾಯಿತು ಅಂತ ತಿಳಿಯಬೇಡಿ.

ಪ್ರಶ್ನೆಗೆ ಸುಮ್ಮನೆ ನಿಲ್ಲುವ ಮಗುವಿಗೆ ಇನ್ನೊಂದು ಹೆಜ್ಜೆ ಬೇಕು. ಅಷ್ಟೇ ಕಷ್ಟದ ಎರಡನೇ ಗದ್ಯವನ್ನು ನೀವೇ ಓದಿ ಹೇಳಿ, ಅದೇ ಬಗೆಯ ಪ್ರಶ್ನೆ ಕೇಳಿ. ಕೇಳಿದಾಗ ತಿಳಿದು ಓದಿದಾಗ ತಿಳಿಯದಿದ್ದರೆ ತೊಡಕು ಅಕ್ಷರದಲ್ಲಿದೆ: ಅಕ್ಷರ ಬಿಡಿಸುವುದರಲ್ಲೇ ದಣಿಯುತ್ತಿದೆ. ಕೇಳಿದರೂ ತಿಳಿಯದಿದ್ದರೆ ತೊಡಕು ಭಾಷೆಯಲ್ಲಿದೆ, ಅಂಥ ಮಗುವಿಗೆ ಇನ್ನಷ್ಟು ಕಾಗುಣಿತ ಬರೆಸುವುದು ವ್ಯರ್ಥ. ಗೌಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ಓದಿನ ಗ್ರಹಿಕೆಯನ್ನು ಅಕ್ಷರ ಬಿಡಿಸುವುದು, ಕೇಳಿ ತಿಳಿಯುವುದು ಈ ಎರಡರ ಗುಣಲಬ್ಧ ಅಂದದ್ದು ಇದಕ್ಕೇ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆಯೇ.

ಭಾಷೆಯ ತೊಡಕು ನಮ್ಮಲ್ಲಿ ಸಣ್ಣದಲ್ಲ. ತಾಂಡಾದ ಮಕ್ಕಳ ಮನೆಮಾತು ಲಂಬಾಣಿ. ಗುರುಮಠಕಲ್, ಸೇಡಂ ಕಡೆ ತೆಲುಗು, ಔರಾದ, ಭಾಲ್ಕಿ, ಆಳಂದ ಕಡೆ ಮರಾಠಿ, ಎಲ್ಲ ಪಟ್ಟಣಗಳಲ್ಲೂ ದಖನಿ ಉರ್ದು. ಮಗು ಯಾವ ಭಾಷೆಯಲ್ಲಿ ಬೇಕಾದರೂ ಉತ್ತರ ಹೇಳಲಿ. ನಿಮಗೆ ಆ ಭಾಷೆ ಬರದಿದ್ದರೆ ಆ ಭಾಷೆಯ ದೊಡ್ಡ ತರಗತಿಯ ಮಗುವನ್ನೋ ಬಿಸಿಯೂಟದ ಅಕ್ಕನನ್ನೋ ಪಕ್ಕಕ್ಕೆ ಕೂಡಿಸಿಕೊಳ್ಳಿ. ಅವರು ಮಗು ಹೇಳಿದ್ದನ್ನಷ್ಟೇ ಹೇಳಬೇಕು, ತಾವು ಸೇರಿಸಬಾರದು. ಕನ್ನಡದಲ್ಲಿ ಓದಿ ಲಂಬಾಣಿಯಲ್ಲಿ ಪೂರ್ತಿ ಕಥೆ ಹೇಳಿದ ಮಗುವಿಗೆ ಗ್ರಹಿಕೆ ಇದೆ, ಹೇಳಲು ಕನ್ನಡ ಸಾಲದು. ಇವೆರಡನ್ನೂ ಒಂದೇ ಅಂಕದಲ್ಲಿ ಸೇರಿಸುವುದು ಆ ಮಗುವಿಗೆ ಮಾಡುವ ಅನ್ಯಾಯ. ಪಠ್ಯದ ಪದಗಳನ್ನೂ ನೋಡಿ: ಈರುಳ್ಳಿ ಅಂದರೆ ತಿಳಿಯದ ಮಗುವಿಗೆ ಉಳ್ಳಾಗಡ್ಡಿ ಗೊತ್ತಿರುತ್ತದೆ, ಕಡಲೆಕಾಯಿ ತಿಳಿಯದಿದ್ದರೂ ಶೇಂಗಾ ಗೊತ್ತಿರುತ್ತದೆ.

ಇಡೀ ತರಗತಿಗೆ ಹತ್ತು ನಿಮಿಷದಲ್ಲಿ ಒಂದು ಅಂದಾಜು ಬೇಕಾದರೆ ಗದ್ಯದ ನಡುವೆ ಕೂಡದ ಒಂದು ವಾಕ್ಯ ಸೇರಿಸಿ ("ಸಂಗೀತಾ ಜಾರಿದಳು. ಬೆಕ್ಕು ಟಿಕೆಟ್ ತೆಗೆಯಿತು. ಕೊಡ ಖಾಲಿ ಆಯಿತು"), ಅದಕ್ಕೆ ಗೆರೆ ಹೊಡೆಯಲು ಹೇಳಿ. ಬರೆಯಬೇಕಿಲ್ಲ, ಹೇಳಬೇಕಿಲ್ಲ, ನಾಚಿಕೆಯ ಮಗುವೂ ಮಾಡುತ್ತದೆ. ಬಿಟ್ಟ ಸ್ಥಳ ತುಂಬುವುದಾದರೆ ಪದ ಪೂರ್ತಿ ತೆಗೆಯಿರಿ, ಪ್ರತ್ಯಯ ಬಿಟ್ಟು ತೆಗೆದರೆ ಅದೇ ಸುಳಿವಾಗುತ್ತದೆ. ಅರ್ಥಕ್ಕೆ ಹೊಂದುವ ಯಾವ ಪದ ಬಂದರೂ ಸರಿ ಕೊಡಿ. ಹೌದು-ಅಲ್ಲ ಪ್ರಶ್ನೆ ಬೇಡವೇ ಬೇಡ, ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸರಿ ಬರುತ್ತದೆ.

ದಾಖಲೆಗೆ ಮಗುವಿಗೊಂದು ಸಾಲು ಸಾಕು: ತಪ್ಪು ಪದ, ತಾನೇ ತಿದ್ದಿಕೊಂಡದ್ದು, ಹೇಳಿದ ಸಂಗತಿ ಏಳಕ್ಕೆ ಎಷ್ಟು, ನೇರ ಪ್ರಶ್ನೆ, ಜೋಡಿಸುವ ಪ್ರಶ್ನೆ, ಕೇಳಿ ತಿಳಿದದ್ದು, ಉತ್ತರದ ಭಾಷೆ. ಮೊತ್ತ ಕೂಡಿಸಬೇಡಿ. ನೇರದ್ದು ಸರಿ, ಜೋಡಿಸುವುದು ಖಾಲಿ ಅಂತ ಸಾಲು ಸಾಲಾಗಿ ಕಂಡರೆ ನಿಮ್ಮ ತರಗತಿಗೆ ಬೇಕಾದ್ದು "ಯಾಕೆ" ಪ್ರಶ್ನೆಗಳು, ಓದುವ ಅಭ್ಯಾಸ ಪುಸ್ತಕ ಅಲ್ಲ. ಆರರಿಂದ ಎಂಟು ವಾರಕ್ಕೆ ಬೇರೆ ಗದ್ಯದಲ್ಲಿ ಮತ್ತೆ ಮಾಡಿ. ಮನೆಯವರ ಜೊತೆ ದುಡಿಮೆಗೆ ಊರು ಬಿಟ್ಟು ಗುಳೆ ಹೋಗಿ ಬಂದ ಮಕ್ಕಳಿಗೆ ಮಾತ್ರ ಆ ಸರದಿಗೆ ಕಾಯಬೇಡಿ, ಹಳೆಯ ಸಾಲನ್ನೂ ನಂಬಬೇಡಿ. ಬಂದ ವಾರದಲ್ಲೇ ಕೂಡಿಸಿಕೊಂಡು, ಮೊದಲು ಕೇಳಿಸುವ ಗದ್ಯದಿಂದ ಶುರು ಮಾಡಿ, ಆಮೇಲೆ ಓದಿಸಿ.