ವಿಂಡೋಸ್ 11: ಎಲ್ಲ ಕಂಪ್ಯೂಟರ್ ಒಟ್ಟಿಗೆ ಬೇಡ

ಆಫೀಸಿನ 40 ಕಂಪ್ಯೂಟರ್‌ಗಳನ್ನೂ ಒಂದೇ ವಾರಾಂತ್ಯದಲ್ಲಿ ವಿಂಡೋಸ್ 10ರಿಂದ 11ಕ್ಕೆ ಬದಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಯಾವುದಕ್ಕೆ 11 ಹಾಕಲು ಆಗುತ್ತದೆ ನೋಡಿ. ಟಿಪಿಎಂ 2.0 (ಕಂಪ್ಯೂಟರ್ ಒಳಗಿನ ಸೆಕ್ಯುರಿಟಿ ಚಿಪ್) ಬೇಕೇ ಬೇಕು. ಇಲ್ಲ ಅಂತ ತೋರಿಸಿದರೆ ಗಾಬರಿಯಾಗಬೇಡಿ, ಎಷ್ಟೋ ಸಲ ಅದು ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್, ಅಂದರೆ ಬಯೋಸ್‌ನಲ್ಲಿ ಸುಮ್ನೆ ಆಫ್ ಆಗಿರುತ್ತದೆ. ಬಯೋಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ ರಿಕವರಿ ಕೀ (ವಿಂಡೋಸ್ ಲಾಕ್ ಮಾಡಿದ ಡಿಸ್ಕ್ ತೆರೆಯುವ ಸಂಖ್ಯೆ) ಮಾತ್ರ ತೆಗೆದಿಟ್ಟುಕೊಳ್ಳಿ.

ನನಗೆ ಜಾಸ್ತಿ ಚಿಂತೆ ಹಳೆ ಪ್ರಿಂಟರ್ ಮತ್ತು ಲೆಕ್ಕದ ಸಾಫ್ಟ್‌ವೇರ್‌ನದ್ದು. ಪ್ರತಿ ವಿಭಾಗದಲ್ಲಿ ಒಂದೊಂದು ಕಂಪ್ಯೂಟರ್ ಬದಲಿಸಿ. ಒಂದು ತಿಂಗಳ ಕೊನೆಯ ಲೆಕ್ಕ ಅದರಲ್ಲೇ ಮುಗಿಯಲಿ. ತೊಂದರೆ ಹೊರಬರುವುದು ಆಗಲೇ ಅಲ್ವಾ?

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 10ರಲ್ಲೇ ಉಳಿದವಕ್ಕೆ ಹಣ ಕೊಟ್ಟು ಸೆಕ್ಯುರಿಟಿ ಅಪ್‌ಡೇಟ್ ಪಡೆಯಬಹುದು. ಆದರೆ ಸಂಸ್ಥೆಗಳಿಗೆ ಅದು ಹೆಚ್ಚೆಂದರೆ ಮೂರು ವರ್ಷ, ಬೆಲೆಯೂ ವರ್ಷಕ್ಕೆ ದುಪ್ಪಟ್ಟು. ಹೊಸ ಕಂಪ್ಯೂಟರ್‌ಗಳ ಬಜೆಟ್ ಈಗಲೇ ಕೇಳಿ.